ಮನೆ–ಮಕ್ಕಳು: ಬಾಗಿಲ ಬಳಿಯ ಪುಟ್ಟ ಬೂಟುಗಳು



ಮಾಗಡಿ ತಾಲ್ಲೂಕಿನ ಒಂದು ಗ್ರಾಮದಿಂದ ಸೋದರಿಯೊಬ್ಬರು ಬರೆದ ಪತ್ರವೊಂದು ಕೆಲವು ದಿನಗಳಿಂದ ನನ್ನ ಮೇಜಿನ ಮೇಲಿದೆ. ಅವರದು ರೇಷ್ಮೆ ಸಾಕುವ ಮನೆ. ಎರಡನೆಯ ತರಗತಿಯಲ್ಲಿದ್ದ ಮಗಳು ಪೇಟೆಯ ಶಾಲೆಯೊಂದಕ್ಕೆ ಹೋಗಿಬರುತ್ತಿದ್ದಳು. ಹೋದ ವರ್ಷ ಡಿಸೆಂಬರ್ ತಿಂಗಳಲ್ಲಿ ಉಪಾಧ್ಯಾಯಿನಿಯವರು ಮಕ್ಕಳಿಗೆ ಸಾಂತಾಕ್ಲಾಸ್ ತಾತನ ಕಥೆ ಹೇಳಿದರಂತೆ. ಒಳ್ಳೆಯ ಮಕ್ಕಳ ಹೆಸರನ್ನೆಲ್ಲ ಆ ತಾತ ಪಟ್ಟಿ ಮಾಡಿಕೊಂಡಿರುತ್ತಾನೆ, ಇಪ್ಪತ್ತನಾಲ್ಕರ ರಾತ್ರಿ ಅಂಥವರ ಮನೆಗೆ ಬಂದು ಉಡುಗೊರೆ ಇಟ್ಟು ಹೋಗುತ್ತಾನೆ ಎಂದು ಕೇಳಿದ ಮಗು, ಯಾರಿಗೂ ತಿಳಿಸದೆ ತನ್ನ ಶಾಲೆಯ ಬೂಟುಗಳನ್ನು ತೊಳೆದು ಒರೆಸಿ ತಲೆಬಾಗಿಲ ಹೊರಗೆ ಜೋಡಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಬೂಟಿನಲ್ಲಿ ಇಬ್ಬನಿಯ ಹೊರತು ಬೇರೇನೂ ಇರಲಿಲ್ಲ. ರಜೆ ಮುಗಿದು ಶಾಲೆಗೆ ಹೋದಾಗ, ಜೊತೆಯ ಹುಡುಗಿಯೊಬ್ಬಳಿಗೆ ತಾತನು ಹೊಸ ಸೈಕಲ್ಲನ್ನೇ ಕೊಟ್ಟುಹೋದ ಸುದ್ದಿ ತಿಳಿಯಿತು. ಅಂದು ಸಂಜೆ ಮನೆಗೆ ಬಂದ ಮಗು ತಾಯಿಯ ಸೆರಗು ಹಿಡಿದು ಕೇಳಿತಂತೆ: “ಅಮ್ಮಾ, ನಾನು ಏನು ತಪ್ಪು ಮಾಡಿದೆ?”

ಪತ್ರದ ಉಳಿದ ಭಾಗವು ದೊಡ್ಡವರ ವಿಚಾರ. ಅತ್ತೆಯವರು, “ಅದು ನಮ್ಮ ಹಬ್ಬವಲ್ಲ, ಆ ಕಥೆ ನಮಗೆ ಬೇಡ” ಎನ್ನುತ್ತಾರೆ. ಪತಿಯು, “ಈ ವರ್ಷ ಸಾಲ ಮಾಡಿಯಾದರೂ ಒಂದು ಸೈಕಲ್ ತಂದು ಇಟ್ಟುಬಿಡೋಣ” ಎನ್ನುತ್ತಾರೆ. ಮತ್ತೆ ಡಿಸೆಂಬರ್ ಬರುತ್ತಿದೆ, ನಾನು ಯಾರ ಮಾತು ಕೇಳಲಿ ಎಂದು ಆ ತಾಯಿಯ ಪ್ರಶ್ನೆ.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸುತ್ತಮುತ್ತ ಪೇಟೆಯ ಶಾಲೆಗೆ ಮಕ್ಕಳನ್ನು ಕಳುಹಿಸುವ ಎಷ್ಟೋ ಮನೆಗಳಲ್ಲಿ ಇಂಥ ಬೆಳಗೊಂದು ಬಂದು ಹೋಗಿರಬಹುದು. ಆದುದರಿಂದ ಈ ಸಂಚಿಕೆಯ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಬೇಕು ಅಥವಾ ಬೇಡ ಎಂದು ತೀರ್ಮಾನಿಸುವ ಮೊದಲು, ಬೂಟಿನಲ್ಲಿ ಉಡುಗೊರೆ ಇಡುವ ಈ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ಅರಿಯುವುದು ಒಳ್ಳೆಯದು.

ಇಂದಿನ ತುರ್ಕಿ ದೇಶದ ದಕ್ಷಿಣ ಕರಾವಳಿಯಲ್ಲಿ ಹಿಂದೆ ಮೈರಾ ಎಂಬ ಪಟ್ಟಣವಿತ್ತು. ನಾಲ್ಕನೆಯ ಶತಮಾನದಲ್ಲಿ ಅಲ್ಲಿ ನಿಕೋಲಸ್ ಎಂಬ ಕ್ರೈಸ್ತ ಧರ್ಮಾಧ್ಯಕ್ಷರಿದ್ದರು. ಅವರನ್ನು ಕುರಿತು ಜನ ಇಂದಿಗೂ ಹೇಳುವ ಕಥೆ ಇದು. ಊರಿನಲ್ಲಿ ಸಿರಿ ಕಳೆದುಕೊಂಡ ಒಬ್ಬ ಗೃಹಸ್ಥ. ಅವನಿಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ಹಣವಿಲ್ಲದೆ ಅವರ ಬಾಳು ಹಾಳಾಗುವ ಸ್ಥಿತಿ ಬಂದಿತ್ತು. ಇದನ್ನು ತಿಳಿದ ನಿಕೋಲಸರು ಕತ್ತಲೆಯಲ್ಲಿ ಬಂದು ಕಿಟಕಿಯಿಂದ ಹೊನ್ನಿನ ಗಂಟೊಂದನ್ನು ಒಳಗೆ ಎಸೆದು ಹೋದರು. ಹಿರಿಯಳ ಮದುವೆಯಾಯಿತು. ಹೀಗೆಯೇ ಎರಡನೆಯ ಬಾರಿ, ಮೂರನೆಯ ಬಾರಿ. ಕೊನೆಯ ಸಲ ತಂದೆ ಎಚ್ಚರವಾಗಿದ್ದು, ಓಡಿಹೋಗಿ ಅವರನ್ನು ಹಿಡಿದು ಕಾಲಿಗೆ ಬಿದ್ದಾಗ, “ಇದನ್ನು ನಾನು ಬದುಕಿರುವ ತನಕ ಯಾರಿಗೂ ಹೇಳಬೇಡ” ಎಂದು ಅವರು ಮಾತು ತೆಗೆದುಕೊಂಡರಂತೆ. ಆ ಹೊನ್ನು ಒಲೆಯ ಬಳಿ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತು ಎಂದು ಕೆಲವರು ಹೇಳುವರು. ಮಕ್ಕಳು ಬೂಟನ್ನೋ ಕಾಲುಚೀಲವನ್ನೋ ಇಡುವ ರೂಢಿಗೆ ಈ ಕಥೆಯೇ ಆಧಾರವೆಂಬುದು ಜನರ ನಂಬಿಕೆ.

ಈ ಕಥೆಯಲ್ಲಿ ಎರಡು ಅಂಶಗಳನ್ನು ನಾವು ಗಮನಿಸಬೇಕು. ಒಂದು, ಕೊಟ್ಟವನು ತನ್ನನ್ನು ಮರೆಮಾಡಿಕೊಂಡನು. ಎರಡು, ಆ ಹೆಣ್ಣುಮಕ್ಕಳು ಜಾಣೆಯರೋ, ಹೇಳಿದ ಮಾತು ಕೇಳುವವರೋ ಎಂದು ಅವನು ವಿಚಾರಿಸಲಿಲ್ಲ. ಅವರಿಗೆ ಅಗತ್ಯವಿತ್ತು, ಕೊಟ್ಟನು. ಪಟ್ಟಿಯ ಮಾತು ಅಲ್ಲೆಲ್ಲಿಯೂ ಇಲ್ಲ.

ನಿಕೋಲಸರ ಸ್ಮರಣೆಯ ದಿನ ಡಿಸೆಂಬರ್ 6. ಯೂರೋಪಿನ ಅನೇಕ ನಾಡುಗಳಲ್ಲಿ ಅದರ ಹಿಂದಿನ ರಾತ್ರಿ, ಎಂದರೆ 5ರ ರಾತ್ರಿ, ಉಡುಗೊರೆಯ ರಾತ್ರಿಯಾಯಿತು. ಹಾಲೆಂಡಿನಲ್ಲಿ ಈ ಸಂತನನ್ನು ಸಿಂಟರ್‌ಕ್ಲಾಸ್ ಎನ್ನುತ್ತಾರೆ. ಅವನು ಬಿಳಿಯ ಕುದುರೆಯೇರಿ ಬರುವನೆಂದು ನಂಬುವ ಮಕ್ಕಳು ಬೂಟಿನೊಳಗೆ ಕುದುರೆಗೆಂದು ಹುಲ್ಲನ್ನೂ ಗಜ್ಜರಿಯನ್ನೂ ಇಟ್ಟು ಮಲಗುವರು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಮೊದಲಾದ ಸುಧಾರಕರು ಸಂತರ ಆರಾಧನೆಯನ್ನು ಒಪ್ಪದಿದ್ದ ಕಾರಣ, ಜರ್ಮನಿಯ ಹಲವು ಭಾಗಗಳಲ್ಲಿ ಉಡುಗೊರೆಯ ದಿನ ಕ್ರಿಸ್ತ ಜಯಂತಿಗೆ ಸರಿಯಿತು. ಕೊಡುವವನು ಬಾಲಕ್ರಿಸ್ತನೇ ಎಂದಾಯಿತು. ಸ್ಪೇನಿನಲ್ಲಿ ಜನವರಿ 5ರ ರಾತ್ರಿ ಮೂಡಣದ ಮೂವರು ಅರಸರು ಬರುವರು. ಅಲ್ಲಿಯ ಮಕ್ಕಳು ಅವರ ಒಂಟೆಗಳಿಗೆ ನೀರು, ಹುಲ್ಲು ಇಡುತ್ತಾರೆ. ತನಗೆ ಬರುವ ಉಡುಗೊರೆಗಿಂತ ಮೊದಲು ಬರುವ ಪ್ರಾಣಿಯ ಹಸಿವನ್ನು ನೆನೆಯುವ ಈ ನಡೆ, ಸಂಕ್ರಾಂತಿಯಂದು ದನಕರುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವ ನಮ್ಮ ರೈತರ ಮಕ್ಕಳಿಗೆ ಹೊಸದೆನಿಸಲಾರದು.

ಇಟಲಿಯಲ್ಲಿ ಅದೇ ಜನವರಿ 5ರ ರಾತ್ರಿ ಬೆಫಾನಾ ಎಂಬ ಮುದುಕಿ ಪೊರಕೆಯ ಮೇಲೆ ಕುಳಿತು ಬರುತ್ತಾಳೆ. ಹಸುಗೂಸಾದ ಕ್ರಿಸ್ತನನ್ನು ಅರಸಿ ಹೊರಟಿದ್ದ ಜ್ಞಾನಿಗಳು ಈಕೆಯನ್ನು ಜೊತೆಗೆ ಕರೆದರಂತೆ. ಮನೆಗೆಲಸ ಮುಗಿದಿಲ್ಲವೆಂದು ಈಕೆ ಹೋಗಲಿಲ್ಲ. ಆಮೇಲೆ ಪಶ್ಚಾತ್ತಾಪದಿಂದ ಹೊರಟವಳಿಗೆ ಆ ಕೂಸು ಸಿಗಲಿಲ್ಲ. ಅಂದಿನಿಂದ ಪ್ರತಿ ಮನೆಯಲ್ಲಿಯೂ ಆ ಕೂಸು ಇರಬಹುದೆಂದು, ಸಿಕ್ಕ ಮಕ್ಕಳಿಗೆಲ್ಲ ಏನಾದರೊಂದು ಇಟ್ಟು ಹೋಗುತ್ತಾಳೆ. ಯಾವ ಮಗುವಿನಲ್ಲಿ ದೇವರಿದ್ದಾನೋ ತಿಳಿಯದು, ಆದುದರಿಂದ ಎಲ್ಲ ಮಕ್ಕಳಿಗೂ ಕೊಡು ಎಂಬ ಈ ಮುದುಕಿಯ ಬುದ್ಧಿ ನನಗೆ ಬಹಳ ಹಿಡಿಸಿದೆ.

ಆದರೆ ಈ ಕಥೆಗಳ ಬೆನ್ನಿಗೇ ಇನ್ನೊಂದು ನೆರಳೂ ಬೆಳೆದು ಬಂತು. ಆಸ್ಟ್ರಿಯಾ, ಬವೇರಿಯಾದ ಬೆಟ್ಟದ ಊರುಗಳಲ್ಲಿ ನಿಕೋಲಸನ ಜೊತೆಗೆ ಕ್ರಾಂಪುಸ್ ಎಂಬ ಕೊಂಬಿನ ಭೂತ ಸರಪಳಿ ಎಳೆಯುತ್ತ, ಬರಲು ಹಿಡಿದು ಬರುತ್ತದೆ. ಜರ್ಮನಿಯ ಬೇರೆಡೆಗಳಲ್ಲಿ ರೂಪ್ರೆಕ್ಟ್ ಎಂಬ ಆಳು ಚೀಲ ಹೊತ್ತು ಬರುತ್ತಾನೆ. ಇಟಲಿಯ ಮುದುಕಿಯೂ ತುಂಟ ಮಕ್ಕಳಿಗೆ ಇದ್ದಿಲು ಇಡುತ್ತಾಳೆಂದು ಹೆದರಿಸುವರು. ಐಸ್‌ಲ್ಯಾಂಡಿನಲ್ಲಿ ಹದಿಮೂರು ರಾತ್ರಿಗಳ ಕಾಲ ದಿನಕ್ಕೊಬ್ಬನಂತೆ ಹದಿಮೂರು ಮಂದಿ ಬೆಟ್ಟದಿಂದ ಇಳಿದು ಬರುವರೆಂದೂ, ಅವರ ತಾಯಿ ಗ್ರೀಲಾ ಎಂಬ ರಕ್ಕಸಿ ಹಟಮಾರಿ ಮಕ್ಕಳನ್ನು ಬೇಯಿಸಿ ತಿನ್ನುವಳೆಂದೂ ಕಥೆಗಳಿದ್ದವು. ಮಕ್ಕಳು ಎಷ್ಟು ಹೆದರುತ್ತಿದ್ದರೆಂದರೆ, ಆಗ ಆ ದ್ವೀಪವನ್ನು ಆಳುತ್ತಿದ್ದ ಡೆನ್ಮಾರ್ಕಿನ ಸರ್ಕಾರ ಇಂಥ ಭೂತಗಳ ಹೆಸರಿನಲ್ಲಿ ಮಕ್ಕಳನ್ನು ಹೆದರಿಸಬಾರದೆಂದು 1746ರಲ್ಲಿ ಆಜ್ಞೆಯನ್ನೇ ಹೊರಡಿಸಬೇಕಾಯಿತು. ಕಾಲ ಕಳೆದಂತೆ ಆ ಹದಿಮೂರು ಮಂದಿ ಸೌಮ್ಯರಾದರು. ಈಗ ಅವರು ಕಿಟಕಿಯಲ್ಲಿಟ್ಟ ಬೂಟಿಗೆ ಪುಟ್ಟ ಉಡುಗೊರೆ ಹಾಕುತ್ತಾರೆ, ತುಂಟತನ ಮಾಡಿದ ಮಗುವಿಗೆ ಒಂದು ಆಲೂಗೆಡ್ಡೆ. ಇಟಲಿಯಲ್ಲಿಯೂ ಇದ್ದಿಲಿನ ಬದಲು ಇದ್ದಿಲಿನಂತೆಯೇ ಕಾಣುವ ಕಪ್ಪು ಸಕ್ಕರೆ ಮಿಠಾಯಿ ಬಂದಿದೆ. ಶಿಕ್ಷೆಯೂ ಸಿಹಿಯಾಯಿತು!

ಅವರನ್ನು ನೋಡಿ ನಾವು ನಗಬೇಕಾಗಿಲ್ಲ. “ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ”, “ಬುಡುಬುಡಿಕೆಯವನಿಗೆ ಹಿಡಿದು ಕೊಡುತ್ತೇನೆ” ಎಂದು ನಮ್ಮ ಮನೆಗಳಲ್ಲಿಯೂ ಎಷ್ಟು ತುತ್ತುಗಳು ಗಂಟಲಿಗಿಳಿದಿಲ್ಲ? ಭಿಕ್ಷೆಗೆ ಬಂದ ಬಡವನನ್ನೇ ಭೂತವಾಗಿಸಿ ಮಗುವಿಗೆ ತೋರಿಸಿದವರು ನಾವು. ಭಯದಿಂದ ಉಣ್ಣಿಸಿದ ಅನ್ನ ಹೊಟ್ಟೆಯನ್ನು ತುಂಬಬಹುದು, ಮನಸ್ಸನ್ನಲ್ಲ.

ಇನ್ನು ಸಾಂತಾಕ್ಲಾಸ್ ತಾತನ ವಿಚಾರ. ಹಾಲೆಂಡಿನವರ ಸಿಂಟರ್‌ಕ್ಲಾಸ್ ಎಂಬ ಹೆಸರೇ ಅಮೆರಿಕೆಯಲ್ಲಿ ಸಾಂತಾಕ್ಲಾಸ್ ಆಯಿತು. 1823ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಮಕ್ಕಳ ಪದ್ಯವೊಂದು ಅವನಿಗೆ ಎಂಟು ಹಿಮಸಾರಂಗಗಳ ಗಾಡಿಯನ್ನು ಕೊಟ್ಟಿತು. 1863ರಿಂದ ಮುಂದೆ ಥಾಮಸ್ ನಾಸ್ಟ್ ಎಂಬ ಚಿತ್ರಕಾರನು ವಾರಪತ್ರಿಕೆಯಲ್ಲಿ ಬರೆದ ಚಿತ್ರಗಳು ಅವನಿಗೆ ಗಡ್ಡ, ಬೊಜ್ಜು, ಉತ್ತರ ಧ್ರುವದ ವಿಳಾಸಗಳನ್ನು ಕೊಟ್ಟವು. ಒಳ್ಳೆಯ ಮಕ್ಕಳ, ಕೆಟ್ಟ ಮಕ್ಕಳ ಲೆಕ್ಕದ ಪುಸ್ತಕವೂ ಆ ಚಿತ್ರಗಳಲ್ಲಿ ಕಾಣಿಸಿಕೊಂಡಿತು. 1931ರಿಂದ ಕೋಕಾ ಕೋಲಾ ಕಂಪನಿಯ ಜಾಹೀರಾತುಗಳು ಆ ಕೆಂಪು ನಿಲುವಂಗಿಯ ಮೂರ್ತಿಯನ್ನು ಜಗತ್ತಿನ ಮೂಲೆಮೂಲೆಗೂ ಮುಟ್ಟಿಸಿದವು. ಕೆಂಪು ಬಣ್ಣ ಅದಕ್ಕೂ ಹಿಂದಿನದೇ, ಆದರೆ ಅದನ್ನು ಮಾರುಕಟ್ಟೆಯ ಬಾಗಿಲಲ್ಲಿ ನಿಲ್ಲಿಸಿದ್ದು ವ್ಯಾಪಾರ. ಹೀಗೆ ಹೆಸರು ಹೇಳದೆ ಕೊಟ್ಟುಹೋದ ಬಡವರ ಬಂಧುವೊಬ್ಬನು ಸಾವಿರದ ಆರುನೂರು ವರ್ಷಗಳ ಪಯಣದಲ್ಲಿ, ಪಟ್ಟಿ ಹಿಡಿದ ಅಂಗಡಿಯ ತಾತನಾದನು.

ದೋಷವಿರುವುದು ಇಲ್ಲಿಯೇ. ಕೊಡುವವನು ಸರ್ವಜ್ಞ, ಅವನು ಒಳ್ಳೆಯವರಿಗೆ ಮಾತ್ರ ಕೊಡುತ್ತಾನೆ ಎಂದು ಮಗುವಿಗೆ ಹೇಳುತ್ತೇವೆ. ಆದರೆ ಕೊಡುವುದು ನಿಜವಾಗಿ ತಂದೆತಾಯಿಯರ ಕಿಸೆ. ಕಿಸೆ ದೊಡ್ಡದಾದ ಮನೆಯ ಮಗು ಸೈಕಲ್ ಪಡೆದು, “ನಾನು ತುಂಬ ಒಳ್ಳೆಯವಳು” ಎಂದುಕೊಳ್ಳುತ್ತದೆ. ಸೊಪ್ಪು ಕೊಯ್ದು ಹುಳುವಿಗೆ ಹಾಕಿ, ಗೂಡಿನ ಬೆಲೆ ಬಿದ್ದಾಗ ನಿಟ್ಟುಸಿರಿಡುವ ಮನೆಯ ಮಗು ಬರಿದಾದ ಬೂಟು ನೋಡಿ, “ನಾನು ಕೆಟ್ಟವಳು” ಎಂದುಕೊಳ್ಳುತ್ತದೆ. ಬಡತನವನ್ನು ದುರ್ಗುಣವೆಂದೂ ಸಿರಿಯನ್ನು ಸದ್ಗುಣವೆಂದೂ ಎಳೆಯ ಎದೆಯಲ್ಲಿ ಬರೆದಂತಾಯಿತಲ್ಲವೇ? ಹನ್ನೆರಡನೆಯ ಶತಮಾನದ ಶರಣರು ಕಾಯಕ ಮಾಡುವ ಬಡವನನ್ನು ಸಿರಿವಂತನ ಸಮಕ್ಕೆ, ಎಷ್ಟೋ ವೇಳೆ ಅವನಿಗಿಂತ ಮೇಲಕ್ಕೆ ಕೂರಿಸಿದರು. ಅವರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ಈ ತಪ್ಪು ಲೆಕ್ಕ ಬೆಳೆಯಲು ಬಿಡುವುದು ಸಲ್ಲದು.

ಹಾಗೆಂದು ಪತ್ರ ಬರೆದ ಸೋದರಿಯ ಅತ್ತೆಯವರ ಮಾತನ್ನೂ ನಾನು ಪೂರ್ಣವಾಗಿ ಒಪ್ಪಲಾರೆ. ಅದು ನಮ್ಮ ಹಬ್ಬವಲ್ಲವೆಂಬುದು ನಿಜ. ಆದರೆ ಅದು ನಮ್ಮ ನೆರೆಯವರ ಹಬ್ಬ. ಹದಿನೇಳನೆಯ ಶತಮಾನದ ನಡುವಿನಿಂದಲೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಯೇಸುಸಭೆಯ ಪಾದ್ರಿಗಳು ಓಡಾಡಿದ್ದರು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕ್ರೈಸ್ತ ಒಕ್ಕಲು ಕುಟುಂಬಗಳಿವೆ. ಕ್ರಿಸ್ತನ ಯಾತನೆಯನ್ನು ಅವರು ವರ್ಷಕ್ಕೊಮ್ಮೆ ಕನ್ನಡದಲ್ಲಿಯೇ ನಾಟಕವಾಗಿ ಆಡಿ ತೋರಿಸುವ ಪದ್ಧತಿ ನೂರು ವರ್ಷಗಳನ್ನು ಮೀರಿದೆ. ನಮ್ಮಂತೆಯೇ ರಾಗಿ ಬೆಳೆದು ರಾಗಿ ಉಣ್ಣುವ ಜನ ಅವರು. ಕನ್ನಡ ಕ್ರೈಸ್ತರು ಕ್ರಿಸ್ತ ಜಯಂತಿಗೆ ಕಟ್ಟುವುದನ್ನು ಗೋದಲಿ ಎನ್ನುತ್ತಾರೆ. ಹುಲ್ಲು ಹಾಸಿದ ಕೊಟ್ಟಿಗೆ, ಎತ್ತು, ಕುರಿ, ನಡುವೆ ಛತ್ರದಲ್ಲಿ ಜಾಗ ಸಿಗದೆ ದನದ ಮನೆಯಲ್ಲಿ ಹುಟ್ಟಿದ ಬಡವರ ಕೂಸು. ಆ ಗೋದಲಿಯಲ್ಲಿ ಸೈಕಲ್ಲೂ ಇಲ್ಲ, ಪಟ್ಟಿಯೂ ಇಲ್ಲ. ಮಂಗಳೂರಿನ ಕಡೆಯ ಕ್ರೈಸ್ತರು ಹಬ್ಬಕ್ಕೆ ಮಾಡಿದ ಕುಸ್ವಾರ್ ಎಂಬ ಬಗೆಬಗೆಯ ತಿಂಡಿಗಳನ್ನು ತಟ್ಟೆಯಲ್ಲಿಟ್ಟು ಜಾತಿಮತ ನೋಡದೆ ನೆರೆಮನೆಗೆ ಕಳುಹಿಸುತ್ತಾರೆ. ಇದು ಆ ಹಬ್ಬದ ತಿರುಳು. ಇದನ್ನು ಅರಿತು ಗೌರವಿಸಿದರೆ ನಮ್ಮ ಧರ್ಮಕ್ಕೆ ಕುಂದಿಲ್ಲ.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಲಿಂಗವಂತರ ಮನೆಯಲ್ಲಿ ಹುಟ್ಟಿದ ಕೂಸಿಗೆ ದೊರೆಯುವ ಮೊದಲ ಉಡುಗೊರೆ ಯಾವುದು? ಅದು ಬೆಳ್ಳಿಯ ಬಟ್ಟಲೂ ಅಲ್ಲ, ಬಂಗಾರದ ಉಡುದಾರವೂ ಅಲ್ಲ, ಇಷ್ಟಲಿಂಗ. ಇನ್ನೂ ಕಣ್ಣು ನಿಲ್ಲದ, ಕುತ್ತಿಗೆ ನಿಲ್ಲದ ಹಸುಗೂಸಿಗೆ ಲಿಂಗಧಾರಣೆ ಮಾಡುತ್ತಾರೆ. ಆ ಕೂಸು ಒಳ್ಳೆಯದೆಂದು ಯಾರು ಸಾಕ್ಷಿ ಹೇಳಿದರು? ಅದು ಯಾವ ಪಾಠ ಒಪ್ಪಿಸಿತು, ಯಾರ ಮಾತು ಕೇಳಿತು? ಏನನ್ನೂ ಗಳಿಸದ, ಏನನ್ನೂ ಸಾಧಿಸದ ಜೀವಕ್ಕೆ ನಮ್ಮ ಧರ್ಮ ತನ್ನಲ್ಲಿರುವ ಅತ್ಯಂತ ದೊಡ್ಡ ವಸ್ತುವನ್ನು ಮೊದಲೇ ಕೊಟ್ಟುಬಿಡುತ್ತದೆ, ಹೆಣ್ಣುಮಗುವಿಗೂ ಗಂಡುಮಗುವಿಗೂ ಒಂದೇ ಬಗೆಯಾಗಿ. ಯೋಗ್ಯತೆಯನ್ನು ನೋಡಿ ಲಿಂಗ ಕೊಡುವುದಲ್ಲ, ಲಿಂಗವನ್ನು ಕೊಟ್ಟು ಅದಕ್ಕೆ ತಕ್ಕಂತೆ ಬಾಳು ಎನ್ನುವುದು. ಮಕ್ಕಳಿಗೆ ಏನನ್ನಾದರೂ ಕೊಡುವ ತಂದೆತಾಯಿಯರು ಈ ಕ್ರಮವನ್ನು ನೆನಪಿಟ್ಟುಕೊಂಡರೆ ಸಾಕು. ಪ್ರೀತಿ ಮೊದಲು, ನಡತೆ ಆಮೇಲೆ.

ದಾಸೋಹದ ನೀತಿಯೂ ಹೀಗೆಯೇ. ನೀಡಿದವನು “ನಾನು ನೀಡಿದೆ” ಎಂದುಕೊಂಡ ಕ್ಷಣದಲ್ಲಿ ಅದು ದಾಸೋಹವಾಗಿ ಉಳಿಯುವುದಿಲ್ಲವೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಕತ್ತಲೆಯಲ್ಲಿ ಕಿಟಕಿಯ ಬಳಿ ನಿಂತ ಆ ಪರದೇಶದ ಸಂತನು ಕಲ್ಯಾಣದ ಮಹಾಮನೆಗೆ ಬಂದಿದ್ದರೆ ಅವನಿಗೆ ಅಲ್ಲಿ ಪರಕೀಯತೆ ಕಾಣುತ್ತಿರಲಿಲ್ಲ. ಇದಕ್ಕೆ ಹಳೆಯ ಕಾಲಕ್ಕೇ ಹೋಗಬೇಕೆಂದಿಲ್ಲ. ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ತುಮಕೂರಿನ ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ದಶಕಗಳ ಕಾಲ ನಡೆಸಿದರು. ಎಲ್ಲ ಜಾತಿಯ ಸಾವಿರಾರು ಬಡ ಮಕ್ಕಳು ಅಲ್ಲಿ ಉಂಡರು, ಓದಿದರು. ಪಂಕ್ತಿಯಲ್ಲಿ ಕುಳಿತ ಮಗುವಿನ ತಟ್ಟೆಗೆ ಅನ್ನ ಬೀಳುವ ಮೊದಲು ಅದು ಒಳ್ಳೆಯ ಮಗುವೋ ಅಲ್ಲವೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅವರು ಲಿಂಗೈಕ್ಯರಾದದ್ದು 2019ರ ಜನವರಿ 21ರಂದು. ಆ ದಿನವನ್ನು ದಾಸೋಹ ದಿನವಾಗಿ ಆಚರಿಸಲಾಗುತ್ತದೆ. ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಬರುವ ಆ ದಿನಕ್ಕಿಂತ ಮಿಗಿಲಾಗಿ ಕೊಡುವುದನ್ನು ಮಕ್ಕಳಿಗೆ ಕಲಿಸುವ ದಿನ ಇನ್ನಾವುದು?

ಸಂಕ್ರಾಂತಿಯೇ ನಮ್ಮ ನಾಡಿನ ಚಳಿಗಾಲದ ಉಡುಗೊರೆಯ ಹಬ್ಬವೆಂಬುದನ್ನು ನಾವು ಮರೆತಿದ್ದೇವೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳ ಮಿಶ್ರಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇವುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊಸ ಲಂಗ ತೊಟ್ಟ ಹೆಣ್ಣುಮಕ್ಕಳು ಮನೆಮನೆಗೆ ಎಳ್ಳು ಬೀರಲು ಹೋಗುತ್ತಾರೆ. ಇಲ್ಲಿ ಮಗುವೇ ಕೊಡುವವಳು! ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ತಲೆಯ ಮೇಲಿಂದ ಎರೆಯುತ್ತಾರೆ. ಸುತ್ತ ನೆರೆದ ಮಕ್ಕಳೆಲ್ಲ ಅದನ್ನು ಆಯ್ದುಕೊಳ್ಳುವರು. ಸಾಹುಕಾರರ ಮನೆಯ ಎಳ್ಳಿಗೂ ಕೂಲಿಯವರ ಮನೆಯ ಎಳ್ಳಿಗೂ ರುಚಿಯಲ್ಲಿ ಹೆಚ್ಚು ಕಡಿಮೆಯಿಲ್ಲ. ಹೋಲಿಸಿ ನೋಡಿ ಕೊರಗಲು ಮಗುವಿಗೆ ಅಲ್ಲಿ ಎಡೆಯೇ ಇಲ್ಲ.

ಆಟಿಕೆಯೇ ಬೇಕೆಂದರೆ, ಅದಕ್ಕಾಗಿ ನಾವು ಉತ್ತರ ಧ್ರುವದ ಕಡೆಗೆ ನೋಡಬೇಕಾಗಿಲ್ಲ. ಇಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳಬೇಕು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಗುಡ್ಡಗಾಡಿನಲ್ಲಿ ಸೈಫನ್ ಎಂಬ ಪುಟ್ಟ ಊರಿದೆ. ಹಿಂದೆ ಅದು ತವರದ ಗಣಿಯ ಊರು. ಗಣಿ ಬರಿದಾಗುತ್ತ ಬಂದಂತೆ ಜನ ಹೊಟ್ಟೆಪಾಡಿಗೆ ಮರ ಕಡೆಯುವ ಕೆಲಸ ಹಿಡಿದರು. ಹಸಿಮರವನ್ನು ಲೇತಿನಲ್ಲಿ ಬಳೆಯಾಕಾರಕ್ಕೆ ಕಡೆದು, ಆ ಬಳೆಯನ್ನು ಹೋಳುಹೋಳಾಗಿ ಸೀಳಿದರೆ ಒಂದೊಂದು ಹೋಳೂ ಒಂದೊಂದು ಕುದುರೆಯೋ ಹಸುವೋ ಆಗಿ ಹೊರಬರುವ ವಿಚಿತ್ರ ಕುಶಲತೆ ಅವರದು. ಯೂರೋಪಿನ ಮಕ್ಕಳ ಕ್ರಿಸ್ಮಸ್ ಬೂಟುಗಳನ್ನು ತುಂಬಿದ್ದು ಇಂಥ ಊರುಗಳ ಆಟಿಕೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಬಡ ಕುಟುಂಬಗಳಲ್ಲಿ ಮಕ್ಕಳೂ ಕುಳಿತು ಆಟಿಕೆಗಳಿಗೆ ಬಣ್ಣ ಬಳಿಯುತ್ತಿದ್ದರು, ಬಹಳ ಕಡಿಮೆ ಕೂಲಿಗೆ. ಒಂದು ಮಗುವಿನ ಬೂಟು ತುಂಬಲು ಇನ್ನೊಂದು ಮಗು ಆಟ ಬಿಟ್ಟು ದುಡಿಯಿತು. ಉಡುಗೊರೆ ಆಕಾಶದಿಂದ ಬೀಳುವುದಿಲ್ಲ, ಅದರ ಹಿಂದೆ ಯಾರದೋ ಕೈ ಇರುತ್ತದೆ ಎಂಬುದನ್ನು ಸಾಂತಾಕ್ಲಾಸ್ ಕಥೆ ಮರೆಮಾಚಿಬಿಡುತ್ತದೆ.

ನಮ್ಮ ಮಕ್ಕಳು ಆ ಕೈಯನ್ನು ಕಣ್ಣಾರೆ ನೋಡಬಹುದು. ಚನ್ನಪಟ್ಟಣದ ಬೊಂಬೆ ಕೆಲಸಗಾರನು ಚೆನ್ನಾಗಿ ಒಣಗಿದ ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ರೂಪ ತರುತ್ತಾನೆ. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಒಣಗಿದ ಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು ಬರುತ್ತದೆ. ಅರಿಶಿನದಿಂದ ಹಳದಿ, ನೀಲಿಗಿಡದಿಂದ ನೀಲಿ ಮುಂತಾಗಿ ಗಿಡಮೂಲದ ಬಣ್ಣಗಳನ್ನು ಬಳಸಿದ ಬೊಂಬೆಗಳನ್ನು ಕೂಸು ಬಾಯಿಗಿಟ್ಟರೂ ತಾಯಿ ಅಂಜಬೇಕಾಗಿಲ್ಲ. ಟಿಪ್ಪುವಿನ ಕಾಲದಿಂದ ಈ ಕಸುಬು ಬಂತೆಂದು ಊರಿನ ಹಿರಿಯರು ಹೇಳುತ್ತಾರೆ. ಜಪಾನಿನ ಅರಗಿನ ಕೆಲಸದ ವಿಧಾನವನ್ನು ಇಲ್ಲಿಗೆ ತಂದ ಬಾವಾಸ್ ಮಿಯಾನರನ್ನು ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಈಗ ಇದೇ ಕೈಗಳು ಹೊರನಾಡಿನವರ ಕ್ರಿಸ್ಮಸ್ ಗಿಡಕ್ಕೆ ತೂಗುಹಾಕುವ ಪುಟ್ಟ ಬೊಂಬೆಗಳನ್ನೂ ಮಾಡುತ್ತಿವೆ. ಆದರೂ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಹಾವಳಿಯಲ್ಲಿ ಕಸುಬು ಸೊರಗಿದೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳಿಗೆ ಬರುವವರೂ ಕಡಿಮೆಯಾದರು. ಅಲ್ಲಿಗೆ ಹೋಗಿ ಕೊಳ್ಳುವ ಒಂದು ಬೊಂಬೆ ಎರಡು ಮನೆಗಳಲ್ಲಿ ನಗೆ ತರಿಸೀತು.

ಇನ್ನು ಸೋದರಿಗೆ ನನ್ನ ಉತ್ತರ. ತಾಯಿ, ನಿಮ್ಮ ಯಜಮಾನರಿಗೆ ಮೊದಲು ನನ್ನ ವಂದನೆ ತಿಳಿಸಿ. ಮಗಳ ಕಣ್ಣೀರಿಗೆ ಕರಗಿ ಸಾಲ ಮಾಡಲೂ ಸಿದ್ಧರಾದ ತಂದೆಯ ಹೃದಯ ದೊಡ್ಡದು. ಆದರೂ ಸಾಲದ ಸೈಕಲ್ ಬೇಡ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದ ಕಥೆ ನಿಮಗೆ ತಿಳಿದದ್ದೇ. ದಿನದ ದುಡಿಮೆಗೆ ಮೀರಿದ್ದು ಅಕ್ಕಿಯಾದರೂ ಹೊರೆಯೇ, ಆಟಿಕೆಯಾದರೂ ಹೊರೆಯೇ. ಅಲ್ಲದೆ ಸೈಕಲ್ ಇಟ್ಟರೆ ಮಗಳು ಏನೆಂದುಕೊಂಡಾಳು? ಹೋದ ವರ್ಷ ತಾನು ಕೆಟ್ಟವಳಾಗಿದ್ದದ್ದು ನಿಜ, ಈ ವರ್ಷ ಒಳ್ಳೆಯವಳಾದೆ ಎಂದೇ ಅಲ್ಲವೇ? ಹಳೆಯ ಗಾಯ ಅದರಿಂದ ಮಾಯುವುದಿಲ್ಲ, ಸೈಕಲ್ಲಿನ ಕೆಳಗೆ ಹೂತುಹೋಗುತ್ತದೆ.

ಆದುದರಿಂದ ಡಿಸೆಂಬರ್ ಬರುವ ಮೊದಲೇ ಒಂದು ಸಂಜೆ, ಸೊಪ್ಪು ಹಾಕಿ ಕೈತೊಳೆದ ಮೇಲೆ, ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಮೂವರು ಹೆಣ್ಣುಮಕ್ಕಳ ಕಥೆಯನ್ನು ಹೇಳಿ. ಕತ್ತಲೆಯಲ್ಲಿ ಬಂದ ಸಂತನನ್ನೂ, ಎಲ್ಲ ಮಕ್ಕಳಿಗೂ ಕೊಡುವ ಮುದುಕಿಯನ್ನೂ ಪರಿಚಯಿಸಿ. ಆ ಸಂತ ಬಹಳ ಹಿಂದೆ ಇದ್ದವನು, ಅವನ ನೆನಪಿಗಾಗಿ ಈಗ ತಂದೆತಾಯಿಯರೇ ಉಡುಗೊರೆ ಇಡುತ್ತಾರೆ, ಒಂದೊಂದು ಮನೆಯಲ್ಲಿ ಒಂದೊಂದು ಬಗೆ ಎಂದು ಸತ್ಯವನ್ನೇ ತಿಳಿಸಿ. ನೀನು ಯಾವ ತಪ್ಪೂ ಮಾಡಿರಲಿಲ್ಲ, ನೀನು ಬೂಟು ಇಟ್ಟದ್ದು ನಮಗೆ ಗೊತ್ತಿರಲಿಲ್ಲ ಎಂದು ಬಾಯಿಬಿಟ್ಟು ಹೇಳಿ. ಈ ಒಂದು ಮಾತಿಗಾಗಿ ಆ ಮಗು ಒಂದು ವರ್ಷದಿಂದ ಕಾದಿದೆ. ಅದನ್ನು ಅಜ್ಜಿಯ ಬಾಯಿಂದ ಹೇಳಿಸಿದರೆ ಇನ್ನೂ ಒಳ್ಳೆಯದು.

ಬಳಿಕ ಸಂಕ್ರಾಂತಿಗೆ ಒಮ್ಮೆ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಿ. ಮರದ ತುಂಡು ಬೊಂಬೆಯಾಗುವುದನ್ನು ಅವಳು ನಿಂತು ನೋಡಲಿ. ನಿಮ್ಮ ಶಕ್ತಿಗೆ ಎಟುಕುವ ಎರಡು ಪುಟ್ಟ ಬೊಂಬೆಗಳನ್ನು ಕೊಳ್ಳಿ. ಒಂದು ಅವಳಿಗೆ. ಇನ್ನೊಂದನ್ನು, ಎಳ್ಳು ಬೀರಲು ಹೋದಾಗ ಯಾವ ಮನೆಯ ಮಗುವಿಗೆ ಆಟಿಕೆಯಿಲ್ಲವೋ ಆ ಮನೆಯ ಜಗುಲಿಯ ಮೇಲೆ, ಯಾರೂ ಕಾಣದಂತೆ, ಅವಳೇ ಇಟ್ಟು ಬರಲಿ. ಯಾರಿಗೂ ಹೇಳಬಾರದೆಂಬ ನಿಯಮವಿರಲಿ. ಕೊಟ್ಟು ಸುಮ್ಮನಿರುವ ಸುಖ ಎಂಥದೆಂದು ಏಳು ವರ್ಷದ ಮಗುವಿಗೂ ತಿಳಿಯುತ್ತದೆ.

ಶಾಲೆಯ ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ಬಿನ್ನಹ. ಕಥೆ ಹೇಳಿ, ಧಾರಾಳವಾಗಿ ಹೇಳಿ. ಎಲ್ಲ ಧರ್ಮದ ಹಬ್ಬಗಳೂ ನಮ್ಮ ಮಕ್ಕಳಿಗೆ ತಿಳಿಯಲಿ. ಆದರೆ ಆ ಪಟ್ಟಿಯ ಮಾತೊಂದನ್ನು ಬಿಟ್ಟುಬಿಡಿ. ತರಗತಿಯಲ್ಲಿ ಕುಳಿತ ನಲವತ್ತು ಮಕ್ಕಳಲ್ಲಿ ಎಷ್ಟು ಬೂಟುಗಳು ಬರಿದಾಗಿ ಉಳಿಯುವವೆಂದು ನೀವು ನೋಡಲು ಹೋಗುವುದಿಲ್ಲ. ಅದನ್ನು ನೋಡುವುದು ಇಬ್ಬನಿಯಲ್ಲಿ ಬರಿಗಾಲಲ್ಲಿ ನಿಂತ ಮಗು.